ಒಂದೇ ಕಡೆ ಇಳಿಯುವ ಮಾಡಿಗೆ ಎಷ್ಟು ವಾಟ ಕೊಡಬೇಕು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವೆಲ್ಡಿಂಗ್ ಅಂಗಡಿಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮಳೆ ಹಿಡಿಯುವ ಮುಂಚೆ ಸೌದೆ ಮನೆ, ಕೊಟ್ಟಿಗೆ, ಅಡಿಕೆ ಶೆಡ್ಡು ಎಲ್ಲವೂ ಮುಗಿಯಬೇಕು. ಆ ಎರಡು ತಿಂಗಳು ನನಗೂ ಫೋನು ಜಾಸ್ತಿ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಸಾರು ಬಡಿಸುವ ಹೊತ್ತಿಗೆ ಅದೇ ವಿಷಯ ತೆಗೆಯುತ್ತಾರೆ. ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಸ್ವಂತ ದುಡ್ಡಿನಲ್ಲಿ ಎರಡು ಸಲ ತಪ್ಪು ಮಾಡಿ ಕಲಿತವನು. ಆ ಎರಡೂ ತಪ್ಪು ಕೆಳಗೆ ಬರುತ್ತವೆ.

## ಶುರುವಿಗೆ

ವಾಟ ಅಂದ್ರೆ ಇಳಿಜಾರೇ ತಾನೆ? ಅದನ್ನ ಅಳೆಯೋದು ಹೇಗೆ?

ಹೌದು, ಇಳಿಜಾರೇ. ಅಳೆಯುವುದಕ್ಕೆ ಎರಡು ಸಂಖ್ಯೆ ಸಾಕು. ಒಂದು, ಮಾಡು, ಅಂದರೆ ಚಾವಣಿ, ನೆಲಕ್ಕೆ ಸಮನಾಗಿ ಎಷ್ಟು ದೂರ ಹೋಗುತ್ತದೆ ಅನ್ನುವುದು. ಇದನ್ನು ಇಲ್ಲಿ ಅಗಲ ಅನ್ನೋಣ. ಇನ್ನೊಂದು, ಅಷ್ಟು ದೂರದಲ್ಲಿ ಎಷ್ಟು ಎತ್ತರ ಏರುತ್ತದೆ ಅನ್ನುವುದು. ಏರಿದ ಎತ್ತರವನ್ನು ಇಂಚಿನಲ್ಲಿ ಬರೆದು, ಅಗಲದ ಅಡಿಯಿಂದ ಭಾಗಿಸಿದರೆ ‘ಅಡಿಗೆ ಇಷ್ಟು ಇಂಚು’ ಅಂತ ಬರುತ್ತದೆ. ಅದೇ ವಾಟ.

12 ಅಡಿ ಅಗಲದಲ್ಲಿ 36 ಇಂಚು ಏರಿದರೆ ಅಡಿಗೆ 3 ಇಂಚು. ಇಷ್ಟೇ ಲೆಕ್ಕ. ಒಂದು ಎಚ್ಚರಿಕೆ ಮಾತ್ರ: ಅಗಲವನ್ನು ಶೀಟಿನ ಮೇಲೆ ಟೇಪು ಹಾಸಿ ಅಳೆಯಬೇಡಿ. ಅದು ಓರೆ ಉದ್ದ. ಅಗಲ ಅಂದರೆ ಯಾವಾಗಲೂ ಮಟ್ಟವಾಗಿ ಅಳೆದದ್ದು.

ಮೇಸ್ತ್ರಿ “ಒಂದೂವರೆ ಅಡಿ ಡೌನ್ ಕೊಡ್ತೀನಿ, ಸಾಕು” ಅಂದ್ರು. ಸಾಕಾ?

ಅಗಲ ಎಷ್ಟು ಅಂತ ತಿಳಿಯದೆ ಇದಕ್ಕೆ ಉತ್ತರ ಇಲ್ಲ. 6 ಅಡಿ ಅಗಲದ ಪಂಪ್‌ಸೆಟ್ ಮನೆಗೆ ಒಂದೂವರೆ ಅಡಿ ಅಂದರೆ ಅಡಿಗೆ 3 ಇಂಚು. ಚೆನ್ನಾಗಿದೆ. ಅದೇ ಒಂದೂವರೆ ಅಡಿ 18 ಅಡಿ ಅಗಲದ ಕೊಟ್ಟಿಗೆಗೆ ಅಡಿಗೆ ಒಂದೇ ಇಂಚು. ಅಲ್ಲಿ ಸೋರುತ್ತದೆ.

ನಮ್ಮಲ್ಲಿ ಎಡವಟ್ಟು ಶುರುವಾಗುವುದೇ ಇಲ್ಲಿ. ‘ಡೌನ್’ ಅನ್ನುವ ಮಾತು ಒಟ್ಟು ಎತ್ತರ ಹೇಳುತ್ತದೆ, ವಾಟ ಹೇಳುವುದಿಲ್ಲ. ಮೇಸ್ತ್ರಿಗೆ “ಅಡಿಗೆ ಎಷ್ಟು ಇಂಚು ಬೀಳುತ್ತೆ?” ಅಂತ ತಿರುಗಿ ಕೇಳಿ. ಅವರೂ ಒಂದು ಸಲ ನಿಂತು ಲೆಕ್ಕ ಹಾಕುತ್ತಾರೆ.

ಒಬ್ರು ಡಿಗ್ರಿ ಅಂತಾರೆ, ಇನ್ನೊಬ್ರು ಪರ್ಸೆಂಟು ಅಂತಾರೆ. ಯಾವುದನ್ನ ನಂಬ್ಲಿ?

ಎಲ್ಲವೂ ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಗೊಂದಲ ಆಗುವುದು ಬೆರೆಸಿದಾಗ. ಹತ್ತು ಡಿಗ್ರಿಯೂ ಹತ್ತು ಪರ್ಸೆಂಟೂ ಒಂದೇ ಅಂದುಕೊಂಡವರನ್ನು ನೋಡಿದ್ದೇನೆ. 10 ಪರ್ಸೆಂಟ್ ಅಂದರೆ ಬರೀ 5.7 ಡಿಗ್ರಿ. 100 ಪರ್ಸೆಂಟ್ ಅಂದರೆ ಗೋಡೆಯ ಹಾಗೆ ನೆಟ್ಟಗಲ್ಲ, 45 ಡಿಗ್ರಿ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ:

| ಅಡಿಗೆ ಇಂಚು | ಡಿಗ್ರಿ | ಪರ್ಸೆಂಟ್ | ಓರೆ ಉದ್ದಕ್ಕೆ ಅಗಲವನ್ನು ಇದರಿಂದ ಗುಣಿಸಿ |
|---|---|---|---|
| 1 | 4.8 | 8.3 | 1.003 |
| 2 | 9.5 | 16.7 | 1.014 |
| 3 | 14.0 | 25 | 1.031 |
| 4 | 18.4 | 33.3 | 1.054 |
| 5 | 22.6 | 41.7 | 1.083 |
| 6 | 26.6 | 50 | 1.118 |
| 12 | 45 | 100 | 1.414 |

ಚೀಟಿ ಕಳೆದುಹೋದರೆ, ನಾಲ್ಕು ಇಂಚಿನವರೆಗೆ ಒಂದು ಸುಲಭದ ದಾರಿ ಇದೆ. ಇಂಚನ್ನು 5ರಿಂದ ಗುಣಿಸಿ, ಸ್ವಲ್ಪ ಇಳಿಸಿ. 3 ಇಂಚಿಗೆ 15, ಇಳಿಸಿದರೆ 14. ನಾಲ್ಕು ದಾಟಿದ ಮೇಲೆ ಇದನ್ನು ನೆಚ್ಚಬೇಡಿ.

ಒಂದು ಕಡೆ ಇಳಿಜಾರು ಸಾಕಾ, ಎರಡು ಕಡೆ ಮಾಡಿಸ್ಬೇಕಾ?

ಅಗಲ 15 ಅಡಿಯೊಳಗೆ ಇದ್ದರೆ ಒಂದು ಕಡೆಯದ್ದೇ ಸಲೀಸು. ಎರಡು ಇಳಿಜಾರು ನೆತ್ತಿಯಲ್ಲಿ ಸೇರುವ ಕೋಳು ಇಲ್ಲ, ಕೋಳಿನ ಮೇಲೆ ಹೊದಿಸುವ ಮುಚ್ಚಿಗೆ ಇಲ್ಲ, ಸೋರುವ ಜಾಗ ಒಂದು ಕಡಿಮೆ. ಅಗಲ 24 ಅಡಿ ಅಂದುಕೊಳ್ಳಿ. ಅಡಿಗೆ 3 ಇಂಚಿನ ಹಾಗೆ ಒಂದು ತುದಿ 6 ಅಡಿ ಎತ್ತರ ಹೋಗುತ್ತದೆ. ಎರಡು ಕಡೆ ಇಳಿಸಿದರೆ ನಡುವೆ 3 ಅಡಿ ಏರಿದರೆ ಮುಗಿಯಿತು. 20 ಅಡಿಯ ಆಸುಪಾಸಿಗೆ ಬಂದಾಗ ಎರಡರ ಖರ್ಚನ್ನೂ ಬರೆದು ನೋಡಿ.

## ಟೇಪು ಹಿಡಿದು ನಿಂತಾಗ

ನಮ್ಮ ಶೆಡ್ಡು 12 ಅಡಿ ಅಗಲ, 20 ಅಡಿ ಉದ್ದ. ಹಿಂದಿನ ಕಂಬ ಎಷ್ಟು, ಮುಂದಿನ ಕಂಬ ಎಷ್ಟು?

ಮೊದಲು ತಗ್ಗಿನ ಕಡೆ ಎಷ್ಟು ಎತ್ತರ ಬೇಕು ಅಂತ ತೀರ್ಮಾನ ಮಾಡಿ. ತುಂಬಾ ಜನ ಎತ್ತರದ ಕಡೆಯಿಂದ ಶುರು ಮಾಡುತ್ತಾರೆ. ಆಮೇಲೆ ತಗ್ಗಿನ ಕಡೆ ತಲೆ ಬಡಿಯುತ್ತದೆ.

ತಗ್ಗಿನ ಕಂಬ 7 ಅಡಿ ಇರಲಿ. ವಾಟ ಅಡಿಗೆ 3 ಇಂಚು. 12 ಅಡಿಗೆ 36 ಇಂಚು, ಅಂದರೆ 3 ಅಡಿ. ಎತ್ತರದ ಕಂಬ 10 ಅಡಿ. ಇದು ನೆಲದ ಮೇಲಿನ ಅಳತೆ. ಗುಂಡಿಯಲ್ಲಿ ಹೂಳುವ ಎರಡೋ ಎರಡೂವರೆಯೋ ಅಡಿ ಇದರ ಮೇಲೆ ಸೇರಿಸಬೇಕು.

ಇನ್ನೊಂದಿದೆ. ಸೂರು ಕಂಬದಿಂದ ಆಚೆ ಒಂದೂವರೆ ಅಡಿ ಚಾಚಿರುತ್ತದೆ ಅಲ್ವಾ? ಅದೂ ಅದೇ ವಾಟದಲ್ಲಿ ಇಳಿಯುತ್ತದೆ. 1.5 ಅಡಿಗೆ 4.5 ಇಂಚು. ಕಂಬದ ಹತ್ತಿರ 7 ಅಡಿ ಇದ್ದದ್ದು ಸೂರಿನ ಅಂಚಿನಲ್ಲಿ 6 ಅಡಿ 7.5 ಇಂಚು. ಪರವಾಗಿಲ್ಲ, ನಡೆಯುತ್ತದೆ. ಆದರೆ ಅಡಿಗೆ 6 ಇಂಚಿನ ಹೆಂಚಿನ ಮಾಡಿಗೆ ಎರಡಡಿ ಸೂರು ಬಿಟ್ಟರೆ ಒಂದಡಿ ಪೂರ್ತಿ ಇಳಿಯುತ್ತದೆ. ಹಳೇ ಮನೆಗಳಲ್ಲಿ ಬಗ್ಗಿಕೊಂಡು ಜಗಲಿ ಹತ್ತುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಅಗಲ 12 ಅಡಿ ಅಂತ 12 ಅಡಿ ಶೀಟು ತಂದೆ. ಸಾಲ್ಲಿಲ್ಲ ಮಾರಾಯ್ರೆ!

ಎರಡು ಕಡೆ ಏಟು ಬಿದ್ದಿದೆ. ಓರೆ ಉದ್ದ ಅಗಲಕ್ಕಿಂತ ಜಾಸ್ತಿ, ಅದರ ಮೇಲೆ ಸೂರಿನ ಚಾಚು.

ಮೇಲಿನ ಶೆಡ್ಡನ್ನೇ ತಗೊಳ್ಳಿ. ಅಗಲ 12, ಮೇಲುಗಡೆ ಚಾಚು 1, ಕೆಳಗಡೆ 1.5. ಮಟ್ಟದ ಅಳತೆ ಒಟ್ಟು 14.5 ಅಡಿ. ಅಡಿಗೆ 3 ಇಂಚಿಗೆ ಪಟ್ಟಿಯಲ್ಲಿ 1.031 ಇದೆ. ಗುಣಿಸಿದರೆ 14.95. ಅಂದರೆ 15 ಅಡಿ ಶೀಟು. ಕಲರ್ ಶೀಟನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ಒಂದೇ ತುಂಡು ತನ್ನಿ, ನಡುವೆ ಜೋಡಣೆ ಬೇಡ.

ಗುಣಕ ನೆನಪಿರದಿದ್ದರೆ ಶಾಲೆಯ ಲೆಕ್ಕವೇ ಸಾಕು. ಅಗಲದ ವರ್ಗ, ಎತ್ತರದ ವರ್ಗ, ಕೂಡಿಸಿ ವರ್ಗಮೂಲ. 5, 12, 13 ಅನ್ನುವ ಮೂರು ಸಂಖ್ಯೆ ನೆನಪಿಟ್ಟರೆ ಇನ್ನೂ ಚೆಂದ. 12 ಅಡಿ ಅಗಲಕ್ಕೆ 5 ಅಡಿ ಏರಿಸಿದರೆ ಓರೆ ಸರಿಯಾಗಿ 13 ಅಡಿ, ಚೂರುಪಾರು ಇಲ್ಲ.

ಎಷ್ಟು ಶೀಟು ಅನ್ನುವುದಕ್ಕೆ ಉದ್ದ ನೋಡಬೇಕು. 20 ಅಡಿಗೆ ಎರಡೂ ಪಕ್ಕ ಒಂದೊಂದು ಅಡಿ ಸೇರಿ 22. ಶೀಟು ಮೂರೂವರೆ ಅಡಿ ಅಗಲ ಇದ್ದರೂ ಒಂದರ ಮೇಲೊಂದು ಕೂತಾಗ ಮುಚ್ಚುವುದು ಸುಮಾರು ಮೂರೂಕಾಲು ಅಡಿ. 22ನ್ನು 3.25ರಿಂದ ಭಾಗಿಸಿದರೆ 6.77. ಏಳು ಶೀಟು. ನೀವು ತರುವ ಶೀಟು ಎಷ್ಟು ಮುಚ್ಚುತ್ತದೆ ಅಂತ ಅಂಗಡಿಯಲ್ಲಿ ಕೇಳಿಕೊಂಡೇ ಲೆಕ್ಕ ಹಾಕಿ.

ನಮ್ಮ ಜಾಗವೇ ಓರೆ. ಗುಡ್ಡ ಕಡಿದು ಮಾಡಿದ್ದು. ನೆಲದಿಂದ ಅಳೆದ್ರೆ ಸರಿ ಬರುತ್ತಾ?

ಬರುವುದಿಲ್ಲ. ಮಲೆನಾಡಿನಲ್ಲಿ ಮಟ್ಟದ ಅಂಗಳ ಯಾರಿಗಿದೆ? ಕಂಬ ನಿಂತ ಎರಡು ಜಾಗದ ನಡುವೆ ನೆಲವೇ 8 ಇಂಚು ತಗ್ಗಿದ್ದರೆ, ನಿಮ್ಮ 3 ಅಡಿ ಒಂದೋ 8 ಇಂಚು ಕಳೆದುಕೊಳ್ಳುತ್ತದೆ, ಇಲ್ಲವೇ 8 ಇಂಚು ಜಾಸ್ತಿಯಾಗುತ್ತದೆ.

ಟ್ಯೂಬ್ ಲೆವೆಲ್ ಬಳಸಿ. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಒಂದು ತುದಿ ಒಂದು ಕಂಬಕ್ಕೆ, ಇನ್ನೊಂದು ತುದಿ ಇನ್ನೊಂದು ಕಂಬಕ್ಕೆ ಹಿಡಿಯಿರಿ. ನೀರು ನಿಂತ ಜಾಗದಲ್ಲಿ ಎರಡೂ ಕಂಬಕ್ಕೆ ಗುರುತು ಹಾಕಿ. ಆ ಗುರುತಿನಿಂದ ಮೇಲಕ್ಕೆ ಅಳೆಯಿರಿ, ನೆಲವನ್ನು ಮರೆತುಬಿಡಿ.

ಕಂಬದ ಗುಂಡಿ ತೆಗೆಯುವ ಮುಂಚೆ ಮೂಲೆಗಳೂ ಸರಿ ಇವೆಯಾ ನೋಡಬೇಕು. 12ಕ್ಕೆ 20ರ ಚೌಕಕ್ಕೆ ಮೂಲೆಯಿಂದ ಮೂಲೆಗೆ 23 ಅಡಿ 4 ಇಂಚಿಗೆ ಕೂದಲೆಳೆ ಕಡಿಮೆ ಬರಬೇಕು. ಎರಡೂ ಕರ್ಣ ಒಂದೇ ಇರಬೇಕು. ಇದು ತಪ್ಪಿದರೆ ಶೀಟು ಸೂರಿನ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಪಕ್ಕದ ಮನೆಯವರ ಶೆಡ್ಡು ಸೋರಲ್ಲ. ಅವರದ್ದು ಎಷ್ಟು ವಾಟ ಅಂತ ಹತ್ತದೆ ತಿಳಿಯೋದು ಹೇಗೆ?

ಎರಡಡಿಯ ರಸಮಟ್ಟ ತಗೊಂಡು ಅಡ್ಡಗೋಡೆಯ ಪಕ್ಕ ಅಥವಾ ಶೀಟಿನ ಅಡಿಯ ಓರೆ ಪೈಪಿನ ಹತ್ತಿರ ನಿಲ್ಲಿ. ರಸಮಟ್ಟದ ಒಂದು ತುದಿ ಪೈಪಿಗೆ ತಾಗಲಿ, ಗುಳ್ಳೆ ನಡುವೆ ಬರಲಿ. ತಾಗಿದ ತುದಿಯಿಂದ ಸರಿಯಾಗಿ 12 ಇಂಚು ದೂರದಲ್ಲಿ ರಸಮಟ್ಟಕ್ಕೂ ಪೈಪಿಗೂ ಇರುವ ಸಂದು ಎಷ್ಟು ಇಂಚೋ ಅದೇ ವಾಟ. ಮೊಬೈಲಿನ ಲೆವೆಲ್ ಆ್ಯಪ್ ಕೂಡ ನಡೆಯುತ್ತದೆ. ಮೊದಲು ಅದನ್ನು ಮಟ್ಟದ ಮೇಜಿನ ಮೇಲಿಟ್ಟು ಸೊನ್ನೆ ತೋರಿಸುತ್ತದಾ ನೋಡಿ.

## ಹೊದಿಕೆ, ಮಳೆ, ಗಾಳಿ

ಯಾವ ಹೊದಿಕೆಗೆ ಎಷ್ಟು ವಾಟ ಕೊಡ್ಬೇಕು?

ನಾನು ಮಲೆನಾಡಿಗೆ ಹೇಳುವುದು ಇಷ್ಟು. ಒಂದೇ ತುಂಡಿನ ಕಲರ್ ಶೀಟಿಗೆ ಅಡಿಗೆ 2ರಿಂದ 3 ಇಂಚು. ಅಲೆ ಅಲೆಯ ಜಿಂಕ್ ಶೀಟಿಗೆ 3. ಸಿಮೆಂಟ್ ಶೀಟಿಗೆ 4. ಮಂಗಳೂರು ಹೆಂಚಿಗೆ 6ಕ್ಕಿಂತ ಕಡಿಮೆ ಬೇಡ, 7 ಆದರೆ ನೆಮ್ಮದಿ. ಅಡಿಕೆ ಸೋಗೆ ಅಥವಾ ಹುಲ್ಲಿಗೆ 12, ಅಂದರೆ 45 ಡಿಗ್ರಿ.

ಇದರ ಹಿಂದೆ ಒಂದೇ ಸೂತ್ರ ಇದೆ. ಹೊದಿಕೆಯಲ್ಲಿ ಜೋಡಣೆ ಎಷ್ಟು ಜಾಸ್ತಿಯೋ ಅಷ್ಟು ವಾಟ ಬೇಕು. ಕಲರ್ ಶೀಟಿನಲ್ಲಿ ಮೇಲಿಂದ ಕೆಳಗೆ ಜೋಡಣೆಯೇ ಇಲ್ಲ. ಹೆಂಚಿನಲ್ಲಿ ಅಡಿಗೊಂದು ಜೋಡಣೆ. ಸೋಗೆಯಲ್ಲಂತೂ ಎಲ್ಲವೂ ಜೋಡಣೆಯೇ. ನೀರು ಒಂದು ಎಳೆಯಿಂದ ಕೆಳಗಿನ ಎಳೆಗೆ ಜಾರಿ, ಒಳಗೆ ಇಳಿಯುವ ಮುಂಚೆ ಸೂರು ಸೇರಬೇಕು. ಸೋಗೆ ಮಾಡು ಕಡಿದಾಗಿರುವುದು ಚೆಂದಕ್ಕಲ್ಲ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲೂ ನಿಧಾನವಾಗಿ ಹೆಂಚು ಬಂತು. ಈಗ ಹಳೇ ಹೆಂಚು ಇಳಿಸಿ ಅದೇ ಪಕಾಸಿಯ ಮೇಲೆ ಶೀಟು ಹಾಕುವವರು ಜಾಸ್ತಿ. ಅಲ್ಲಿ ವಾಟದ ಚಿಂತೆ ಇಲ್ಲ. ಉಲ್ಟಾ ಮಾಡಿದರೆ, ಅಂದರೆ ಶೀಟಿನ ಶೆಡ್ಡಿಗೆ ಉಳಿದ ಹೆಂಚು ಹೊದಿಸಿದರೆ ಕಥೆ ಮುಗಿಯಿತು. ಭಾರವೂ ತಡೆಯುವುದಿಲ್ಲ, ನೀರೂ ತಡೆಯುವುದಿಲ್ಲ.

ಸಿಮೆಂಟ್ ಶೀಟಿನ ಬಗ್ಗೆ ಒಂದು ಮಾತು. ಹಳೇ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ್ದಾಗ ಗ್ರೈಂಡರ್ ಹಿಡಿದು ಕತ್ತರಿಸಬೇಡಿ. ಹತ್ತಿದರೆ ಬೋಲ್ಟಿನ ಸಾಲಿನ ಮೇಲೆ ಹಲಗೆ ಹಾಸಿಕೊಂಡೇ ಓಡಾಡಿ. ನಡುವೆ ಕಾಲಿಟ್ಟು ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ.

ಶಿವಮೊಗ್ಗದಲ್ಲಿ ತಮ್ಮನ ಬೈಕ್ ಶೆಡ್ಡಿಗೆ ಅಡಿಗೆ ಒಂದೇ ಇಂಚು. ಸೋರಲ್ಲ. ನಮಗೆ ಯಾಕೆ ಜಾಸ್ತಿ ಬೇಕು?

ಶಿವಮೊಗ್ಗ ಪೇಟೆಗೂ ಆಗುಂಬೆಗೂ ದಾರಿಯಲ್ಲಿ ನೂರು ಕಿಲೋಮೀಟರೂ ಇಲ್ಲ. ಆದರೆ ಪೇಟೆಯಲ್ಲಿ ವರ್ಷಕ್ಕೆ ಬೀಳುವುದು 1,000 ಮಿಲಿಮೀಟರ್ ಆಸುಪಾಸು, ಆಗುಂಬೆಯಲ್ಲಿ 7,000ಕ್ಕೂ ಮೇಲೆ. ಒಂದೇ ಜಿಲ್ಲೆ, ಏಳು ಪಟ್ಟು ಮಳೆ. ಬೈಕ್ ಶೆಡ್ಡಿನ ಲೆಕ್ಕವನ್ನು ಘಟ್ಟದ ತುದಿಗೆ ಹೊತ್ತು ತರಬಾರದು.

ಕಮ್ಮಿ ವಾಟದಲ್ಲಿ ನೀರು ನಿಧಾನ ಹರಿಯುತ್ತದೆ, ಅಲೆಯ ತಗ್ಗಿನಲ್ಲಿ ದಪ್ಪವಾಗಿ ನಿಲ್ಲುತ್ತದೆ. ಪಕ್ಕದ ಜೋಡಣೆಯ ಎತ್ತರ ಮುಟ್ಟಿದರೆ ಒಳಗೆ. ಇನ್ನೊಂದು, ಎರಡು ಶೀಟು ಒತ್ತಿಕೊಂಡಿರುವ ಸಣ್ಣ ಸಂದಿನಲ್ಲಿ ನೀರು ತಾನಾಗಿ ಮೇಲಕ್ಕೆ ಹತ್ತುತ್ತದೆ. ಲಾಟೀನಿನ ಬತ್ತಿ ಸೀಮೆಎಣ್ಣೆ ಎಳೆದ ಹಾಗೆ. ಗಾಳಿ ಹಿಂದಿನಿಂದ ತಳ್ಳಿದರೆ ಇನ್ನೂ ಮೇಲೆ. ವಾಟ ಜಾಸ್ತಿ ಇದ್ದರೆ ಜೋಡಣೆಯ ಅಷ್ಟೇ ಉದ್ದ ಹತ್ತಲು ನೀರು ಹೆಚ್ಚು ಎತ್ತರ ಏರಬೇಕು, ಸೋಲುತ್ತದೆ.

ನನ್ನ ಮೊದಲ ತಪ್ಪು ಇದೇ. ಸೌದೆ ಮನೆಗೆ ಅಡಿಗೆ ಒಂದು ಇಂಚು ಕೊಟ್ಟು, ಹಳೇ ಜಿಂಕ್ ಶೀಟನ್ನು ನಡುವೆ ನಾಲ್ಕು ಇಂಚು ಮೇಲುಮೇಲೆ ಇಟ್ಟು ಜೋಡಿಸಿದ್ದೆ. ಆರಿದ್ರಾ ಮಳೆಯವರೆಗೆ ತಡೆಯಿತು. ಪುನರ್ವಸು, ಪುಷ್ಯ ಹಿಡಿದಾಗ ನಡುವಿನ ಸಾಲಿನ ಸೌದೆಯೆಲ್ಲ ಒದ್ದೆ. ಆ ವರ್ಷ ಗೌರಿ ಹಬ್ಬದವರೆಗೂ ಅಡುಗೆ ಮನೆ ತುಂಬ ಹೊಗೆ, ನನ್ನ ಕಿವಿ ತುಂಬ ಅಮ್ಮನ ಮಾತು. ತುದಿಗೆ ತುದಿ ಜೋಡಿಸಲೇಬೇಕಾದರೆ ಆರು ಇಂಚಿಗಿಂತ ಕಡಿಮೆ ಮೇಲುಹೊದಿಕೆ ಬೇಡ, ನಡುವೆ ಸೀಲ್ ಟೇಪು ಹಾಕಿ.

ಇನ್ನು ಎಲೆ. ಮರದ ಕೆಳಗಿನ ಶೆಡ್ಡಿನಲ್ಲಿ ಎಲೆ ಕೂತು ಕೊಳೆತು, ಪಾಚಿ ಹಿಡಿದು, ಅದೇ ಒಂದು ಸಣ್ಣ ಕಟ್ಟೆಯಾಗುತ್ತದೆ. ನೀರು ಅದರ ಹಿಂದೆ ನಿಲ್ಲುತ್ತದೆ. ಮೂರು ಇಂಚಿನ ವಾಟದಲ್ಲಿ ಒಂದು ಜೋರು ಮಳೆಗೆ ತಾನೇ ತೊಳೆದು ಹೋಗುವುದು ಜಾಸ್ತಿ.

ಯಾವ ದಿಕ್ಕಿಗೆ ಇಳಿಸೋದು? ವಾಸ್ತು ಪ್ರಕಾರ ಹೇಳ್ಬೇಡಿ.

ಮಳೆ ಪ್ರಕಾರ ಹೇಳುತ್ತೇನೆ. ಮುಂಗಾರು ನಮಗೆ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಹಾಗಾಗಿ ತಗ್ಗಿನ ಸೂರು ಪಡುವಣಕ್ಕಿರಲಿ, ಎತ್ತರದ ಬಾಯಿ ಮೂಡಣಕ್ಕಿರಲಿ. ಗಾಳಿ ತಗ್ಗಿನ ಕಡೆಯಿಂದ ಮಾಡಿನ ಮೇಲೆ ಹತ್ತಿ ಹೋಗುತ್ತದೆ. ಎರಚಲು ಒಳಗೆ ನುಗ್ಗುವುದಕ್ಕೆ ಜಾಗ ಕಮ್ಮಿ.

ನನ್ನ ಎರಡನೇ ತಪ್ಪು ಕೊಟ್ಟಿಗೆಯದು. ದಾರಿ ಪಶ್ಚಿಮಕ್ಕಿದೆ, ಮುಂದೆ ಎತ್ತರ ಇದ್ದರೆ ಕಾಣಲು ಚೆಂದ ಅಂತ 11 ಅಡಿಯ ಬಾಯಿಯನ್ನು ಆ ಕಡೆ ಬಿಟ್ಟೆ. ಆಷಾಢದಲ್ಲಿ ದನಗಳು ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿದ್ದವು. ಕೊನೆಗೆ ನಮ್ಮ ಅಜ್ಜನ ಕಾಲದ ಉಪಾಯಕ್ಕೇ ಬಂದೆ. ಸೋಗೆ ತಟ್ಟಿ ಕಟ್ಟಿದೆ. ಈಗಲೂ ಪ್ರತಿ ವರ್ಷ ಮೇ ಕೊನೆಗೆ ಕಟ್ಟುತ್ತೇನೆ. ದಂಡ ಅಂದುಕೊಳ್ಳಿ.

ಶೀಟನ್ನು ಹೊದಿಸುವಾಗಲೂ ಗಾಳಿ ನೋಡಿ. ಗಾಳಿ ಬರುವ ಕಡೆಗೆ ಬೆನ್ನು ಹಾಕಿದ ತುದಿಯಿಂದ ಶುರು ಮಾಡಿ, ಗಾಳಿಯ ಕಡೆಗೆ ಸಾಗಿ. ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬಾಯಿ ತೆರೆಯುವುದಿಲ್ಲ. ಸ್ಕ್ರೂ ಅಲೆಯ ನೆತ್ತಿಗೆ ಹೊಡೆಯಲಿ, ತಗ್ಗಿಗೆ ಬೇಡ. ರಬ್ಬರ್ ವಾಷರ್ ಬಿಡಬೇಡಿ. ಶೀಟು ಹಾರುವುದು ಸಾಮಾನ್ಯವಾಗಿ ಮುಂಗಾರಿನಲ್ಲಲ್ಲ, ಅದಕ್ಕೂ ಮುಂಚೆ ಭರಣಿ ಮಳೆಯ ಗುಡುಗು ಗಾಳಿಗೆ. ಅದಕ್ಕೆ ದಿಕ್ಕಿನ ನೇಮ ಇಲ್ಲ. ಅಂಚಿನ ಸಾಲಿಗೆ ಸ್ಕ್ರೂ ಜಾಸ್ತಿ ಇರಲಿ.

ಒಂದು ಕಡೆ ಮಾತ್ರ ಗಾಳಿಯ ನಿಯಮ ಮುರಿಯಬೇಕು. ಶೆಡ್ಡಿನ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ನೆಟ್ಟಗಿನ ಮಣ್ಣು, ಇದ್ದರೆ ಸೂರಿನ ನೀರನ್ನು ಧರೆಯ ಬುಡಕ್ಕೆ ಬಿಡಬೇಡಿ. ನೀರು ಕುಡಿದ ಧರೆ ಕುಸಿದರೆ ವಾಟದ ಲೆಕ್ಕ ಹಾಕಲು ಶೆಡ್ಡೇ ಇರುವುದಿಲ್ಲ.

ಹಂಗಾದ್ರೆ ಜಾಸ್ತಿ ವಾಟ ಕೊಟ್ಟಷ್ಟೂ ಒಳ್ಳೇದು ಅಲ್ವಾ?

ಅಲ್ಲ. 12 ಅಡಿಗೆ 3 ಇಂಚಿನಿಂದ 6 ಇಂಚಿಗೆ ಹೋದರೆ ಎತ್ತರದ ಕಂಬ 10 ಅಡಿ ಇದ್ದದ್ದು 13 ಆಗುತ್ತದೆ. ಶೀಟು ಜಾಸ್ತಿ ಬೇಕಾಗುವುದು ನೂರಕ್ಕೆ ಎಂಟು ಒಂಬತ್ತರಷ್ಟು ಮಾತ್ರ. ದುಡ್ಡು ತಿನ್ನುವುದು ಅದಲ್ಲ, ಗೋಡೆ. ಪಕ್ಕದ ಗೋಡೆಯ ವಿಸ್ತೀರ್ಣ ಅಂದರೆ ಅಗಲ ಗುಣಿಸು ಎರಡೂ ಎತ್ತರದ ಸರಾಸರಿ. 12 ಗುಣಿಸು 8.5 ಅಂದರೆ 102 ಚದರಡಿ ಇದ್ದದ್ದು 120 ಆಗುತ್ತದೆ, ಅದೂ ಎರಡು ಪಕ್ಕ. ಎತ್ತರದ ಗೋಡೆ 20 ಅಡಿ ಉದ್ದಕ್ಕೆ 60 ಚದರಡಿ ಏರುತ್ತದೆ. ಗಾಳಿಗೆ ಎದೆಯೊಡ್ಡುವ ಗೋಡೆ ಅದು. ಶೀಟಿಗೆ 3 ಇಂಚು ಸಾಕಾದರೆ ಅಲ್ಲೇ ನಿಲ್ಲಿ.

ಮಾಡಿನ ನೀರು ಹಿಡಿಯಬೇಕು. ವಾಟ ಜಾಸ್ತಿ ಆದ್ರೆ ನೀರು ಜಾಸ್ತಿ ಸಿಗುತ್ತಾ?

ಇಲ್ಲ. ಮಳೆ ನೋಡುವುದು ನೆಲದ ಮೇಲಿನ ನೆರಳನ್ನು, ಓರೆ ಉದ್ದವನ್ನಲ್ಲ. ನಮ್ಮ ಶೆಡ್ಡು 14.5 ಗುಣಿಸು 22, ಅಂದರೆ 319 ಚದರಡಿ, ಸುಮಾರು 29.6 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಮಿಲಿಮೀಟರ್ ಬಿದ್ದ ದಿನ ಸುಮಾರು 3,000 ಲೀಟರ್. ಸೂರಿನ ನೀರು ಹಿಡಿಯುವ ದಂಬೆಗೆ 10 ಅಡಿಗೆ ಒಂದು ಇಂಚಿನಷ್ಟು ವಾಟ ಸಾಕು.

## ಸ್ವಲ್ಪ ತಲೆ ಕೆಡಿಸುವಂಥವು

ಮನೆ ಗೋಡೆಗೆ ತಾಗಿಸಿ ಶೆಡ್ಡು ಇಳಿಸಬೇಕು. ಮನೆಯ ಸೂರು 8.5 ಅಡಿ ಎತ್ತರದಲ್ಲಿದೆ. 10 ಅಡಿ ಅಗಲ ಬೇಕು. ಆಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಲೆಕ್ಕ ಉಲ್ಟಾ ಹಾಕಬೇಕು, ಇರುವ ಎತ್ತರದಿಂದ ವಾಟಕ್ಕೆ.

ಮನೆ ಸೂರಿನ ಅಡಿಗೆ ಕೈ ಆಡಿಸಲು, ಸ್ಕ್ರೂ ಹೊಡೆಯಲು ಅರ್ಧ ಅಡಿ ಬಿಡಿ. ಉಳಿದದ್ದು 8. ತಗ್ಗಿನ ಕಡೆ ತಲೆ ತಾಗದ ಹಾಗೆ 6.5. ಸಿಕ್ಕಿದ್ದು ಒಂದೂವರೆ ಅಡಿ, 18 ಇಂಚು. ಹತ್ತಡಿಗೆ ಹಂಚಿದರೆ ಅಡಿಗೆ 1.8 ಇಂಚು. ಸಿಮೆಂಟ್ ಶೀಟಿಗೆ ಆಗುವುದಿಲ್ಲ. ಒಂದೇ ತುಂಡಿನ ಕಲರ್ ಶೀಟಿಗೆ, ಪಕ್ಕದ ಜೋಡಣೆಗೆ ಸೀಲ್ ಟೇಪು ಹಾಕಿದರೆ ಆಗುತ್ತದೆ, ಅಂಚಿನಲ್ಲಿ. ಒಂದೂವರೆ ಅಡಿ ಸೂರು ಬಿಟ್ಟರೆ ಅಂಚು 6 ಅಡಿ 3 ಇಂಚಿಗೆ ಬರುತ್ತದೆ ಅನ್ನುವುದೂ ನೆನಪಿರಲಿ. ಉದ್ದದ ಅಳಿಯ ಇದ್ದರೆ ಕಷ್ಟ.

ದಾರಿಗಳು ಇವೆ. ಅಗಲವನ್ನು 8 ಅಡಿಗೆ ಇಳಿಸಿದರೆ ವಾಟ 2.25ಕ್ಕೆ ಏರುತ್ತದೆ. ಶೆಡ್ಡಿನ ನೆಲವನ್ನು ಮನೆಯ ನೆಲಕ್ಕಿಂತ ಆರು ಇಂಚು ತಗ್ಗಿಸಿದರೆ, ತಗ್ಗಿನ ಕಂಬದ ಮಾಡನ್ನೂ ಅಷ್ಟೇ ಇಳಿಸಬಹುದು, ತಲೆಗೆ ಜಾಗ ಹಾಗೇ ಉಳಿಯುತ್ತದೆ. ಆಗ 24 ಇಂಚು ಸಿಗುತ್ತದೆ, ಹತ್ತಡಿಗೆ 2.4. ನೀರು ಒಳಗೆ ನುಗ್ಗದ ಹಾಗೆ ಸುತ್ತ ಚರಂಡಿ ಮಾತ್ರ ಬೇಕು. ಮೂರನೆಯದು, ಗೋಡೆಗೆ ತಾಗಿಸುವ ಹಟ ಬಿಟ್ಟು ಎರಡಡಿ ದೂರ ನಿಲ್ಲಿಸಿ, ಆಚೆ ಕಡೆಗೆ ಎತ್ತರ ಕೊಡುವುದು. ಆಗ ಎರಡು ಮಾಡಿನ ನೀರೂ ಮಧ್ಯದ ಓಣಿಗೆ ಬೀಳುತ್ತದೆ. ಗಟ್ಟಿ ಚರಂಡಿ ಇಲ್ಲದಿದ್ದರೆ ಮನೆಯ ಗೋಡೆಗೇ ಥಂಡಿ. ನಾನಾದರೆ ನೆಲ ತಗ್ಗಿಸುತ್ತೇನೆ.

ಗೋಡೆಗೆ ತಾಗಿಸಿದರೆ ಮೇಲಿನ ಸಂದಿಗೆ ಸಿಮೆಂಟ್ ಮೆತ್ತಿ ಬಿಡಬೇಡಿ. ಬಿಸಿಲಿಗೆ ಶೀಟು ಹಿಗ್ಗಿ ಕುಗ್ಗಿ, ಒಂದೇ ವರ್ಷಕ್ಕೆ ಬಿರುಕು ಬಿಡುತ್ತದೆ. ಗೋಡೆಯಲ್ಲಿ ಸಣ್ಣ ಗೀರು ಕೊರೆದು ತಗಡಿನ ಪಟ್ಟಿ ಸೇರಿಸಿ, ಅದು ಶೀಟಿನ ಮೇಲೆ ಇಳಿಬೀಳುವ ಹಾಗೆ ಮಾಡಿ.

ಮುಂದೆ ಸೋಲಾರ್ ಹಾಕುವ ಯೋಚನೆ ಇದೆ. ಈಗಲೇ ವಾಟ ಹೊಂದಿಸಬಹುದಾ?

ಖಂಡಿತ, ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ಡಿಗ್ರಿ ಓರೆ ಇಡುವುದು ರೂಢಿ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿಯಲ್ಲಿ. ಅಡಿಗೆ 3 ಇಂಚು ಅಂದರೂ 14 ಡಿಗ್ರಿ! ದಕ್ಷಿಣಕ್ಕೆ ಇಳಿಸಿದ ಮಾಡಾದರೆ ಪ್ಯಾನೆಲ್ಲು ಶೀಟಿಗೆ ಸಮನಾಗಿ ಕೂರುತ್ತದೆ, ಬೇರೆ ಸ್ಟ್ಯಾಂಡು ಬೇಡ. ದಕ್ಷಿಣಕ್ಕಿಳಿಸಿದರೆ ಪಶ್ಚಿಮದ ಪಕ್ಕವನ್ನು ಗೋಡೆಯಿಂದಲೋ ತಟ್ಟಿಯಿಂದಲೋ ಮುಚ್ಚಬೇಕಾಗುತ್ತದೆ. ಪ್ಯಾನೆಲ್ಲಿನ ಭಾರ, ಗಾಳಿಗೆ ಅದು ಎಳೆಯುವ ಎಳೆತ ಎರಡನ್ನೂ ಪೈಪು ಆರಿಸುವಾಗಲೇ ವೆಲ್ಡಿಂಗ್‌ನವರಿಗೆ ಹೇಳಿ.

ಮಳೆಯಲ್ಲಿ ಸೋರಲ್ಲ. ಡಿಸೆಂಬರ್ ಬೆಳಿಗ್ಗೆ ಶೀಟಿನಿಂದ ಹನಿ ಬೀಳುತ್ತೆ. ಇದೇನು ಮಾಯೆ?

ಸೋರಿಕೆ ಅಲ್ಲ, ಇಬ್ಬನಿ. ರಾತ್ರಿ ತಗಡು ತಣ್ಣಗಾಗಿ, ಒಳಗಿನ ತೇವದ ಗಾಳಿ ಅದರ ಅಡಿಗೆ ಹನಿಗಟ್ಟುತ್ತದೆ. ಒಳಗೆ ದನವೋ ಹಸಿ ಅಡಿಕೆಯೋ ಇದ್ದರೆ ಇನ್ನೂ ಜಾಸ್ತಿ. ಮೂರು ನಾಲ್ಕು ಇಂಚಿನ ವಾಟದಲ್ಲಿ ಹನಿ ಶೀಟಿಗೆ ಅಂಟಿಕೊಂಡೇ ಸೂರಿನ ಕಡೆ ಜಾರುವುದು ಹೆಚ್ಚು. ಕಮ್ಮಿ ವಾಟದಲ್ಲಿ ಇದ್ದಲ್ಲೇ ಉದುರುತ್ತದೆ. ಎತ್ತರದ ಕಡೆ ಗಾಳಿ ಹೋಗಲು ಸಂದು ಬಿಡಿ.

ಜಾಗ ಒಂದು ಕಡೆ 10 ಅಡಿ, ಇನ್ನೊಂದು ಕಡೆ 13 ಅಡಿ ಅಗಲ. ಮೇಲೂ ಕೆಳಗೂ ಮಟ್ಟ ಇಟ್ರೆ ಶೀಟು ತಿರುಚಿಕೊಳ್ತು. ಯಾಕೆ?

ಎರಡೂ ತುದಿಯಲ್ಲಿ 30 ಇಂಚು ಏರಿಸಿದ್ದೀರಿ ಅನ್ನಿಸುತ್ತದೆ. 10 ಅಡಿಯ ಕಡೆ ಅದು ಅಡಿಗೆ 3 ಇಂಚು. 13 ಅಡಿಯ ಕಡೆ 2.3. ಒಂದೇ ಮಾಡಿನಲ್ಲಿ ಎರಡು ವಾಟ ಆದರೆ ಮಾಡು ಚಪ್ಪಟೆ ಇರುವುದಿಲ್ಲ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ವಾಟವನ್ನು ಹಿಡಿದುಕೊಳ್ಳಿ, ಎತ್ತರವನ್ನು ಬಿಡಿ. ಸೂರು ಮಟ್ಟವಾಗಿರಲಿ. 10 ಅಡಿಯ ಕಡೆ 30 ಇಂಚು, 13 ಅಡಿಯ ಕಡೆ 39 ಇಂಚು ಏರಿಸಿ. ಮೇಲಿನ ಗೆರೆ ಓರೆಯಾಗಿ ಕಾಣುತ್ತದೆ, ಆದರೆ ಮಾಡು ಚಪ್ಪಟೆ. ನಡುವಿನ ಕಂಬಗಳಿಗೆ ಲೆಕ್ಕ ಹಾಕುವ ಕೆಲಸವೂ ಇಲ್ಲ, ಎರಡು ತುದಿಗೆ ದಾರ ಎಳೆದು ಕಟ್ಟಿದರೆ ಸಾಕು.

ಶೆಡ್ಡು ಆಗಲೇ ಆಗಿಹೋಗಿದೆ, ಅಡಿಗೆ ಒಂದೇ ಇಂಚು. ಕೆಡವದೆ ಸರಿ ಮಾಡೋಕೆ ಆಗುತ್ತಾ?

ಆಗುತ್ತದೆ. ನನ್ನ ಸೌದೆ ಮನೆಯನ್ನು ಹಾಗೇ ಸರಿ ಮಾಡಿದ್ದು. ಕಂಬ ಮುಟ್ಟಲಿಲ್ಲ. ಶೀಟು ಬಿಚ್ಚಿ, ಅಡ್ಡ ಪೈಪುಗಳ ಅಡಿಗೆ ತುಂಡು ಪೈಪು ಕೊಟ್ಟು ಎತ್ತರಿಸಿದೆವು.

12 ಅಡಿ ಅಗಲದಲ್ಲಿ ಒಂದು ಇಂಚನ್ನು ಎರಡು ಮಾಡಬೇಕಾದರೆ ಮೇಲಿನ ತುದಿ 12 ಇಂಚು ಏರಬೇಕು. ಕೆಳಗಿನ ಪೈಪು ಇದ್ದಲ್ಲೇ ಇರುತ್ತದೆ. ಒಟ್ಟು ಐದು ಅಡ್ಡ ಪೈಪು ಸಮ ದೂರದಲ್ಲಿ ಇದ್ದರೆ ಕೆಳಗಿನಿಂದ ಕ್ರಮವಾಗಿ 0, 3, 6, 9, 12 ಇಂಚಿನ ತುಂಡು. ಮೂರು ಇಂಚಿನ ವಾಟ ಬೇಕಾದರೆ ಎಲ್ಲವೂ ಇಮ್ಮಡಿ: 0, 6, 12, 18, 24. ಎತ್ತರದ ತುಂಡುಗಳು ಅಲುಗಾಡದ ಹಾಗೆ ಓರೆ ಪಟ್ಟಿ ಕೊಟ್ಟು ಬೆಸುಗೆ ಹಾಕಿಸಿ. ವೆಲ್ಡಿಂಗ್‌ನವರು ಕಣ್ಣಳತೆಯಲ್ಲಿ ಕತ್ತರಿಸಲು ಹೊರಟರೆ ತಡೆಯಿರಿ. ನಡುವಿನ ಒಂದು ಪೈಪು ಅರ್ಧ ಇಂಚು ತಗ್ಗಿದರೂ ಶೀಟು ಅಲ್ಲಿ ಕುಳಿ ಬಿದ್ದು ನೀರು ನಿಲ್ಲುತ್ತದೆ.

ಹಳೇ ಶೀಟನ್ನೇ ಮತ್ತೆ ಹಾಕುವುದಾದರೆ ಹಳೇ ಸ್ಕ್ರೂ ತೂತು ಹೊಸ ಪೈಪಿನ ಮೇಲೆ ಕೂರುವುದಿಲ್ಲ. ಓರೆ ಉದ್ದ ಬದಲಾಗಿರುತ್ತದಲ್ಲ. ಆ ತೂತುಗಳನ್ನು ಸೀಲ್ ಮಾಡಿಸದೆ ಮೇಲೆ ಹತ್ತಿಸಬೇಡಿ. ನಾವು ಎರಡು ಮರೆತಿದ್ದೆವು. ಈಗಲೂ ಅವುಗಳ ಅಡಿಗೆ ಒಂದು ಹಳೇ ಬಕೆಟ್ಟು ಇದೆ.